ಎಡಸೀಟಿನ ಬ್ರೇಕು

ನಮ್ಮ ಮನೆಯ ಮುಂಬಾಗಿಲು ಗಾಳಿಗೆ ಬಡಿದುಕೊಳ್ಳದಿರಲೆಂದು ಒಂದು ಕಬ್ಬಿಣದ ತುಂಡನ್ನು ಅಡ್ಡ ಇಟ್ಟಿದ್ದೇನೆ. ಅಂಗೈಯಗಲದ ತಲೆ, ಅದರ ಮೇಲೆ ಸವೆದ ರಬ್ಬರು, ಕೆಳಗೊಂದು ಬಾಗಿದ ಸರಳು, ಸರಳಿನ ತುದಿಗೊಂದು ತೂತು. ಬಂದವರು ಮೊದಲು ಎಡವುತ್ತಾರೆ, ಆಮೇಲೆ ಬೈಯುತ್ತಾರೆ, ಕೊನೆಗೆ ಇದೇನ್ರಿ ಎಂದು ಕೇಳುತ್ತಾರೆ. ಬ್ರೇಕ್ ಪೆಡಲು ಎನ್ನುತ್ತೇನೆ. ಯಾವ ಗಾಡಿಯದು ಎಂದರೆ, ಗಾಡಿಯದಲ್ಲ ನನ್ನದು ಎನ್ನುತ್ತೇನೆ. ಅರವತ್ತು ದಾಟಿದವನ ಮಾತು ಎಂದು ಅವರು ಸುಮ್ಮನಾಗಿ ಚಹಾ ಕುಡಿಯುತ್ತಾರೆ.

ಹಗರಿಬೊಮ್ಮನಹಳ್ಳಿಯಲ್ಲಿ ಇಪ್ಪತ್ತಾರು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿದವನು ನಾನು. ಸ್ಕೂಲ್ ಎಂದರೆ ದೊಡ್ಡದೇನೂ ಅಲ್ಲ. ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಕೋಣೆ, ಗೋಡೆಗೆ ರಸ್ತೆ ಚಿಹ್ನೆಗಳ ಒಂದು ಪಟ, ಹೊರಗೊಂದು ಸಣ್ಣ ಹಳದಿ ಕಾರು, ಮತ್ತು ನಾನು. ಕಾರು ಕಲಿಸುವ ಗಾಡಿಗಳಲ್ಲಿ ಎಡಗಡೆಯ ಸೀಟಿನ ಕೆಳಗೂ ಒಂದು ಬ್ರೇಕ್ ಇರುತ್ತದೆ. ಕಲಿಯುವವನು ಸ್ಟೀರಿಂಗ್ ಹಿಡಿದು ಬೆವರುತ್ತಿರುತ್ತಾನೆ, ಕಲಿಸುವವನು ಪಕ್ಕದಲ್ಲಿ ಕೂತು ಆ ಬ್ರೇಕಿನ ಮೇಲೆ ಕಾಲಿಟ್ಟು ಬೆವರುತ್ತಿರುತ್ತಾನೆ. ಒಳಗೆ ಒಂದು ಸರಳು ಎರಡೂ ಪೆಡಲುಗಳನ್ನು ಜೋಡಿಸಿರುತ್ತದೆ. ನಾನು ಇಲ್ಲಿ ಒತ್ತಿದರೆ ಅಲ್ಲಿ ಬ್ರೇಕ್ ಬೀಳುತ್ತದೆ. ಜನ ನನ್ನನ್ನು ಡ್ರೈವಿಂಗ್ ಕಲಿಸಿದವನು ಅನ್ನುತ್ತಾರೆ, ಆದರೆ ಲೆಕ್ಕ ಹಾಕಿದರೆ ನಾನು ಇಪ್ಪತ್ತಾರು ವರ್ಷ ಮಾಡಿದ್ದು ನಿಲ್ಲಿಸುವ ಕೆಲಸ ಒಂದನ್ನೇ. ಸ್ವತಃ ಓಡಿಸುವಾಗಲೂ ವೇಗದ ಮುಳ್ಳನ್ನು ಅರವತ್ತು ದಾಟಿಸಿದ್ದು ನನಗೆ ನೆನಪಿಲ್ಲ.

ಈ ಕಾಲಿನ ಹಣೆಬರಹ ಚಿಕ್ಕಂದಿನಲ್ಲೇ ನಿರ್ಧಾರವಾಗಿತ್ತು ಅನಿಸುತ್ತದೆ. ನಾನು ಹುಟ್ಟಿದ್ದು ಕೊಟ್ಟೂರಿನಲ್ಲಿ. ಅಲ್ಲಿ ಬಾಡಿಗೆ ಸೈಕಲ್ ಅಂಗಡಿಯವನೊಬ್ಬ ಒಳ್ಳೆಯ ಸೈಕಲ್ಲುಗಳನ್ನು ದೊಡ್ಡವರಿಗೆ ಕೊಟ್ಟು ನಮಗೆಂದೇ ಒಂದು ಬ್ರೇಕಿಲ್ಲದ ಸೈಕಲ್ ಇಟ್ಟಿದ್ದ. ಸೀಟು ನಮಗೆ ಎಟುಕುತ್ತಿರಲಿಲ್ಲ. ಕಂಬಿಯೊಳಗೆ ಕಾಲು ತೂರಿಸಿ, ಸೊಂಟ ಓರೆ ಮಾಡಿಕೊಂಡು ತುಳಿಯಬೇಕು. ನಿಲ್ಲಿಸಬೇಕಾದರೆ ಚಪ್ಪಲಿಯ ಕಾಲನ್ನು ಮುಂದಿನ ಟೈರಿಗೆ ಒತ್ತಬೇಕು. ನನ್ನ ಬಲಗಾಲಿನ ಚಪ್ಪಲಿ ಎರಡು ತಿಂಗಳಿಗೊಮ್ಮೆ ಸವೆದು ಹಾಳೆಯಾಗುತ್ತಿತ್ತು, ಎಡಗಾಲಿನದು ಹೊಸದಾಗೇ ಇರುತ್ತಿತ್ತು. ನಮ್ಮವ್ವ ಅದನ್ನು ನೋಡಿ, ಈ ಹುಡುಗ ಒಂದೇ ಕಾಲಲ್ಲಿ ಸಾಲಿಗೆ ಹೋಗ್ತಾನೇನು ಎಂದು ಓಣಿಯವರನ್ನೆಲ್ಲ ಕೇಳುತ್ತಿದ್ದಳು.

ಈಗ ಆ ಬಲಗಾಲಿಗೆ ನನ್ನ ಮಾತು ಕೇಳುವ ಅಭ್ಯಾಸವೇ ಇಲ್ಲ. ಬಸ್ಸಿನಲ್ಲಿ ಕೂತರೆ ಮುಂದಿನ ಸೀಟಿನ ಕಂಬಿಯನ್ನು ಒತ್ತುತ್ತದೆ. ಕಟಿಂಗ್ ಅಂಗಡಿಯಲ್ಲಿ ಕತ್ತರಿ ಕಿವಿಯ ಹತ್ತಿರ ಬಂದರೆ ಒತ್ತುತ್ತದೆ. ಮದುವೆ ಊಟದಲ್ಲಿ ಬಡಿಸುವವನು ಸಾರಿನ ಬಕೆಟ್ ಹಿಡಿದು ಓಡಿ ಬಂದರೆ ಎಲೆಯ ಮುಂದೆ ಕೂತಲ್ಲೇ ನೆಲ ಒತ್ತುತ್ತದೆ. ಮಲಗಿದಾಗಲೂ ಬಿಡುವುದಿಲ್ಲ. ನಮ್ಮ ಹಾಸಿಗೆಯ ಮೇಲಿನ ಚಾದರಗಳು ತಲೆದಿಂಬಿನ ಕಡೆ ಗಟ್ಟಿಯಾಗಿಯೇ ಇದ್ದು ಕಾಲಿನ ಕಡೆ ಒಂದೇ ಜಾಗದಲ್ಲಿ ಹರಿಯುತ್ತವೆ. ನನ್ನ ಹೆಂಡತಿ ಮೊದಮೊದಲು ನಗುತ್ತಿದ್ದಳು, ಈಗ ಸುಮ್ಮನೆ ಹೊಲಿಯುತ್ತಾಳೆ. ಮೊಣಕಾಲು ನೋಡಿದ ಡಾಕ್ಟರು ನೀವು ಕ್ರೀಡಾಪಟುವಾಗಿದ್ದಿರಾ ಎಂದು ಕೇಳಿದರು. ನನಗೆ ದಣಿವಾಗಿದೆ ಡಾಕ್ಟ್ರೇ ಎಂದೆ. ಅವರು ಮಾತ್ರೆ ಬರೆದುಕೊಟ್ಟರು.

ದಣಿವಿನ ಮೂಲ ಮೊಣಕಾಲಲ್ಲ. ಅದನ್ನು ನಿಮಗೆ ಹೇಳಿಬಿಡುತ್ತೇನೆ. ನಮ್ಮ ಕಸುಬಿನಲ್ಲಿ ‘ಕಾಲು ಕೊಡುವುದು’ ಎಂಬ ಒಂದು ರೂಢಿ ಇತ್ತು. ಲೈಸೆನ್ಸ್ ಪರೀಕ್ಷೆಯ ದಿನ ಮೈದಾನದಲ್ಲಿ ಸುಣ್ಣದ ಗೆರೆ ಎಳೆದಿರುತ್ತಿದ್ದರು. ಆರ್‌ಟಿಒ ಸಾಹೇಬರು ಬೇವಿನ ಮರದ ನೆರಳಲ್ಲಿ ನಿಂತು ದೂರದಿಂದ ನೋಡುತ್ತಿದ್ದರು. ಕಲಿತವನ ಪಕ್ಕ ನಾವೇ ಕೂರುವುದು. ಅವನು ಗಾಬರಿಯಲ್ಲಿ ಬ್ರೇಕ್ ಮರೆತರೆ ನಾವು ಸದ್ದಿಲ್ಲದೆ ಎಡಗಡೆಯ ಪೆಡಲನ್ನು ಒತ್ತಿಬಿಡುವುದು. ಗಾಡಿ ಗೆರೆಯ ಹಿಂದೆ ಚೆಂದಾಗಿ ನಿಲ್ಲುತ್ತಿತ್ತು, ಅವನು ಪಾಸಾಗುತ್ತಿದ್ದ. ತಪ್ಪು ಅನಿಸುತ್ತಿರಲಿಲ್ಲ. ಪಾಪ, ಹೆದರಿಕೆಯಲ್ಲಿ ಮರೆತಿದ್ದಾನೆ, ರಸ್ತೆಗೆ ಬಿದ್ದರೆ ತಾನೇ ಕಲಿಯುತ್ತಾನೆ ಎಂದುಕೊಳ್ಳುತ್ತಿದ್ದೆವು. ಈಗ ನೀವು ಕೂಡ್ಲಿಗಿಯಿಂದ ಹಡಗಲಿಯ ತನಕ ಯಾವ ರಸ್ತೆಯಲ್ಲಿ ಹೋದರೂ ಎದುರಿಗೆ ಬರುವ ಗಾಡಿಗಳಲ್ಲಿ ಒಂದನ್ನಾದರೂ ನನ್ನ ಶಿಷ್ಯನೊಬ್ಬ ಓಡಿಸುತ್ತಿರುತ್ತಾನೆ. ಸ್ವಲ್ಪ ಹುಷಾರಾಗಿರಿ. ಅವನ ಲೈಸೆನ್ಸಿನ ಮೇಲಿರುವುದು ಅವನ ಫೋಟೋ, ಒಳಗಿರುವುದು ನನ್ನ ಕಾಲು.

ಹಾಗೆ ನಾನು ಕಾಲು ಕೊಟ್ಟವರಲ್ಲಿ ನನ್ನನ್ನು ಹೆಚ್ಚು ಕಾಡಿದವಳು ನಸೀಮಾ. ನನ್ನ ಗೆಳೆಯ ಮಾಬುಸಾಬನ ಮಗಳು. ಮಾಬು ನಮ್ಮೂರಿನ ಮೆಕ್ಯಾನಿಕ್, ನನ್ನ ಹಳದಿ ಕಾರಿನ ವೈದ್ಯ. ನನ್ನ ಸ್ಕೂಲಿನ ಕೋಣೆಗೂ ಅವನ ಗ್ಯಾರೇಜಿಗೂ ನಡುವೆ ಒಂದು ಗೋಡೆ ಮಾತ್ರ. ನಸೀಮಾ ಹದಿನೆಂಟು ತುಂಬಿದ ವಾರದಲ್ಲೇ ಕಲಿಯಲು ಬಂದಳು, ಇಪ್ಪತ್ತು ದಿನದಲ್ಲಿ ಕಲಿತಳು. ಪರೀಕ್ಷೆಯ ದಿನ ಎಂಟರ ಆಕಾರದ ಸುತ್ತು ಸರಿಯಾಗಿ ಹಾಕಿ, ನೇರ ದಾರಿಯಲ್ಲಿ ಗೆರೆಯ ಕಡೆ ಬರುತ್ತಿದ್ದಳು. ಬೇಲಿಯ ಕಡೆಯಿಂದ ಒಂದು ಆಡು ಹಾರಿ ಅಡ್ಡ ಬಂತು. ನಾನು ಕಾಲನ್ನು ಒತ್ತಿದೆ. ಪೆಡಲು ಅವತ್ತು ಬೆಣ್ಣೆಯೊಳಗೆ ಇಳಿದ ಹಾಗೆ ಹಗುರವಾಗಿ ಇಳಿಯಿತು. ಹುಟ್ಟೂರಿನ ದೇವರು ಕೊಟ್ಟೂರಯ್ಯನ ದಯೆ ಎಂದುಕೊಂಡೆ. ಗಾಡಿ ಆಡಿನಿಂದ ಒಂದು ಗೇಣು ದೂರದಲ್ಲಿ ನಿಂತಿತು. ಮರದ ಕೆಳಗಿದ್ದ ಸಾಹೇಬರು ಹತ್ತಿರ ಬಂದು, ಈ ಹುಡುಗಿಯ ಕಾಲು ಚುರುಕಾಗಿದೆ ಎಂದು ಎಲ್ಲರ ಮುಂದೆ ಹೊಗಳಿ ಅಲ್ಲಿಯೇ ಪಾಸು ಮಾಡಿದರು. ಆ ಸಂಜೆ ಮಾಬುವಿನ ಮನೆಯಲ್ಲಿ ನನಗೆ ಹಾಲು ಹಾಕಿದ ಶಾವಿಗೆ. ಕಾಲು ನನ್ನದು ಎಂದು ಹೇಳಬೇಕು ಅನಿಸಿತು. ಹುಡುಗಿಯ ಮುಖ ನೋಡಿ ಶಾವಿಗೆ ತಿಂದೆ.

ಅದಾಗಿ ಒಂಬತ್ತು ವರ್ಷ. ನಸೀಮಾ ಈಗ ಅಪ್ಪನ ಗ್ಯಾರೇಜಿನ ಪಕ್ಕ ಬಿಡಿಭಾಗಗಳ ಅಂಗಡಿ ನಡೆಸುತ್ತಾಳೆ. ಒಂದು ಹಳೆಯ ಓಮ್ನಿ ವ್ಯಾನಿನಲ್ಲಿ ಸಾಮಾನು ತುಂಬಿಕೊಂಡು ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಯ ಗ್ಯಾರೇಜುಗಳಿಗೆ ಕೊಟ್ಟು ಬರುತ್ತಾಳೆ. ಹಡಗಲಿಗೆ ಹೋದ ದಿನ ನನ್ನ ಹೆಂಡತಿಗೆ ಮಲ್ಲಿಗೆ ತರುತ್ತಾಳೆ. ಓಮ್ನಿ ನಮ್ಮ ಮನೆಯ ಮುಂದೆ ಹಾದು ಹೋಗುವಾಗೆಲ್ಲ ನನ್ನ ಕಾಲು ನೆಲ ಒತ್ತುತ್ತದೆ. ಈ ಹುಡುಗಿ ಮುಖ್ಯವಾದ ಗಳಿಗೆಯಲ್ಲಿ ಬ್ರೇಕ್ ಹಾಕುವವಳಲ್ಲ, ನನಗೆ ಮಾತ್ರ ಗೊತ್ತಿದೆ ಎಂಬ ಯೋಚನೆ. ಒಬ್ಬರ ಗುಟ್ಟನ್ನು ಕಾಯುವುದು ಸುಲಭ, ಅವರಿಗೇ ಗೊತ್ತಿಲ್ಲದ ಅವರ ಗುಟ್ಟನ್ನು ಕಾಯುವುದು ಬಹಳ ಬೇಸರದ ಕೆಲಸ.

ಕಳೆದ ವರ್ಷ ಸ್ಕೂಲ್ ಮುಚ್ಚಿದೆ. ಮೊಣಕಾಲು ಒಂದು ಕಾರಣ, ಮನಸ್ಸು ಇನ್ನೊಂದು. ಹಳದಿ ಕಾರನ್ನು ಗುಜರಿಗೆ ಹಾಕಲು ಹೋದರೆ ಮಾಬು ತಡೆದು ತಾನೇ ಇಟ್ಟುಕೊಂಡ. ಆರು ತಿಂಗಳು ಗ್ಯಾರೇಜಿನ ಹಿಂದೆ ಅಪ್ಪ ಮಗಳು ಸೇರಿ ಏನೇನೋ ಮಾಡಿದರು. ಒಂದು ದಿನ ಕರೆದು ತೋರಿಸಿದರು. ನನ್ನ ಕಾರಿನ ಹೊಟ್ಟೆಯನ್ನೇ ಬಗೆದಿದ್ದರು. ಹಿಂದಿನ ಸೀಟು ಇಲ್ಲ, ಬಾಗಿಲಿನ ಒಳಗಿನ ಹಲಗೆ ಇಲ್ಲ, ಮೇಲಿನ ಬಟ್ಟೆ ಇಲ್ಲ, ಕಿಟಕಿಗೆ ಗಾಜಿನ ಬದಲು ಪ್ಲಾಸ್ಟಿಕ್ಕು. ಒಳಗೆ ಕಬ್ಬಿಣದ ಪೈಪುಗಳ ಪಂಜರ. ಎಂಜಿನ್ನು ಬೇರೆ ದೊಡ್ಡ ಗಾಡಿಯದು, ಬ್ರೇಕು ಅದಕ್ಕಿಂತ ದೊಡ್ಡ ಗಾಡಿಯದು. ಉಳಿದಿದ್ದು ಒಂದೇ ಸೀಟು, ಬಲಗಡೆಯದು. ನಾನು ಇಪ್ಪತ್ತಾರು ವರ್ಷ ಕೂತ ಜಾಗದಲ್ಲಿ ಬೆಂಕಿ ಆರಿಸುವ ಒಂದು ಸಿಲಿಂಡರು ಮಲಗಿತ್ತು. ಬಾನೆಟ್ಟಿನ ಮೇಲೆ ಎಷ್ಟು ಬಣ್ಣ ಬಳಿದರೂ ಕಲಿಯುವವರ ಗಾಡಿಯ ಕೆಂಪು ‘ಎಲ್’ ಅಕ್ಷರ ಮಾತ್ರ ಮಸುಕಾಗಿ ಮೂಡುತ್ತಲೇ ಇತ್ತು. ಇದು ರೇಸ್ ಕಾರು ಎಂದ ಮಾಬು. ನನ್ನ ಮುಖ ನೋಡಿ, ಎಡಗಡೆಯ ಪೆಡಲನ್ನು ಒರೆಸಿ ನನ್ನ ಕೈಗಿಟ್ಟ. ಅದೇ ಈಗ ಬಾಗಿಲಿಗೆ ಅಡ್ಡ ಇರುವುದು.

ಇನ್ನೊಂದು ಕಾರಿನ ವಿಷಯ ಹೇಳದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ಕೊಟ್ಟೂರಿನಲ್ಲಿ ಶೇಂಗಾ ವ್ಯಾಪಾರ ಮಾಡುವ ಕೊಟ್ರೇಶ ನನ್ನ ಹಳೆಯ ಶಿಷ್ಯ. ಒಳ್ಳೆಯ ಮನುಷ್ಯ, ನನ್ನ ಕಾಲು ಪಡೆದು ಪಾಸಾದವರಲ್ಲಿ ಒಬ್ಬ. ಅವನು ಎಲ್ಲಿಂದಲೋ ಒಂದು ಕೆಂಪು ವಿದೇಶಿ ಸ್ಪೋರ್ಟ್ಸ್ ಕಾರನ್ನು ತಂದ. ನಾನೂರು ಕುದುರೆಯ ಬಲವಂತೆ. ನಿಂತಾಗ ಸೊಂಟದೆತ್ತರಕ್ಕೂ ಬರುವುದಿಲ್ಲ, ಒಳಗೆ ಹೋಗುವುದೆಂದರೆ ಬಚ್ಚಲ ತೊಟ್ಟಿಯೊಳಗೆ ಇಳಿದಂತೆ. ನಮ್ಮ ರಸ್ತೆಗಳಲ್ಲಿ ವೇಗ ತಡೆಯಲು ಮನೆಗೊಂದು ಹಂಪು. ಆ ಕಾರು ಹಂಪು ಕಂಡಲ್ಲೆಲ್ಲ ಓರೆಯಾಗಿ, ಒಂದೊಂದೇ ಗಾಲಿ ಎತ್ತಿ ದಾಟಬೇಕು. ಪೂಜೆಗೆಂದು ಮೈಲಾರಕ್ಕೆ ಒಯ್ದಾಗ ಊರ ಮುಂದಿನ ಹಂಪಿನ ಮೇಲೆ ಹೊಟ್ಟೆ ಸಿಕ್ಕಿಕೊಂಡು, ಗಾಲಿಗಳು ತಿರುಗಿದರೂ ಕಾರು ಕದಲಲಿಲ್ಲ. ಕೊನೆಗೆ ದರ್ಶನಕ್ಕೆ ಬಂದಿದ್ದ ಹತ್ತು ಮಂದಿ ಕಂಬಳಿ ಸೊಂಟಕ್ಕೆ ಸುತ್ತಿಕೊಂಡು, ಏಳುಕೋಟಿ ಎಂದು ಅಲ್ಲಿನ ದೇವರ ಘೋಷ ಕೂಗಿ ಎತ್ತಿ ಆಚೆ ಇಟ್ಟರು. ನಾನೂರು ಕುದುರೆ ಒಳಗೆ ಸುಮ್ಮನೆ ನಿಂತಿದ್ದವು.

ಕೊಟ್ರೇಶನಿಗೆ ಅದನ್ನು ಪೂರ್ತಿ ಓಡಿಸಿ ನೋಡುವ ಆಸೆ, ಓಡಿಸಲು ರಸ್ತೆ ಇಲ್ಲ. ಮಾಬುವಿನ ಗ್ಯಾರೇಜಿಗೆ ಬಂದಾಗ ಹಳದಿ ಕಾರನ್ನು ನೋಡಿ ಮಾತು ಹೊರಟಿತು. ಬೀದಿಯ ಕಾರು ಎಷ್ಟೇ ಬಲದ್ದಾದರೂ ರೇಸ್ ಕಾರಿನ ಮುಂದೆ ನಿಲ್ಲುವುದಿಲ್ಲ ಎಂದ ಮಾಬು. ನನ್ನದರ ಎಂಜಿನ್ನಿನ ಸದ್ದಿಗೇ ನಿನ್ನ ಡಬ್ಬಿ ಉದುರುತ್ತದೆ ಎಂದ ಕೊಟ್ರೇಶ. ಒಂದು ವಾರ ಮಂಡಕ್ಕಿ ಮಿರ್ಚಿ ತಿನ್ನುತ್ತ ಇದೇ ವಾದ. ಇಬ್ಬರೂ ಫೋನಿನಲ್ಲಿ ಯಾವುದೋ ದೇಶದ ವಿಡಿಯೋಗಳನ್ನು ಹುಡುಕಿ ಒಬ್ಬರಿಗೊಬ್ಬರು ತೋರಿಸುವುದು. ಒಂದರಲ್ಲಿ ಬೀದಿಯ ಕಾರು ಗೆದ್ದರೆ ಇನ್ನೊಂದರಲ್ಲಿ ರೇಸ್ ಕಾರು. ನಾನು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿರುತ್ತಿದ್ದೆ. ಎರಡೂ ನಿಂತರೆ ಸಾಕಪ್ಪ ಎಂದು ನನ್ನ ಪ್ರಾರ್ಥನೆ.

ರಸ್ತೆ ಕೊನೆಗೆ ಸಿಕ್ಕಿತು. ಹರಪನಹಳ್ಳಿಯಿಂದ ಅಲ್ಲೇ ಹತ್ತಿರದ ಅರಸೀಕೆರೆ ಹಳ್ಳಿಗೆ ಹೋಗುವ ದಾರಿಯಲ್ಲಿ ಕೊಟ್ರೇಶನ ಪಾಲುದಾರರು ಒಂದು ಲೇಔಟ್ ಮಾಡಿದ್ದಾರೆ. ಕಮಾನಿದೆ, ಕರಿ ಡಾಂಬರಿನ ಅಗಲವಾದ ರಸ್ತೆಗಳಿವೆ, ಸೈಟಿಗೊಂದು ನಂಬರಿನ ಕಲ್ಲಿದೆ, ನೀರಿಲ್ಲದ ಒಂದು ಓವರ್‌ಹೆಡ್ ಟ್ಯಾಂಕಿದೆ. ಮನೆ ಮಾತ್ರ ಒಂದೂ ಇಲ್ಲ. ಹೊರಸುತ್ತಿನ ರಸ್ತೆಯನ್ನು ಐದು ಸಲ ಸುತ್ತುವುದು, ಒಬ್ಬರಾದ ಮೇಲೆ ಒಬ್ಬರು, ಫೋನಿನಲ್ಲಿ ಸಮಯ ಹಿಡಿಯುವುದು ಎಂದಾಯಿತು. ಕೆಂಪು ಕಾರು ಕೊಟ್ರೇಶನ ಕೈಯಲ್ಲಿ. ಹಳದಿ ಕಾರು ನಸೀಮಾಳ ಕೈಯಲ್ಲಿ. ಚೆನ್ನಾಗಿ ಓಡಿದರೆ ಮಳೆಗಾಲಕ್ಕೆ ಮುಂಚೆ ದಾವಣಗೆರೆ ಕಡೆಯ ನಿಜವಾದ ಸ್ಪರ್ಧೆಗೂ ಅವಳು ಹೋಗಬೇಕು ಎಂದು ಅಪ್ಪ ಮಗಳ ಲೆಕ್ಕ. ಆ ಹುಡುಗಿ ಆರು ತಿಂಗಳು ಕೈಗೆ ಗ್ರೀಸು ಮೆತ್ತಿಕೊಂಡಿದ್ದು ಇದೊಂದಕ್ಕೇ.

ಅಡ್ಡ ಬಂದವಳು ಅವಳ ತಾಯಿ ಖೈರುನ್ನಿಸಾ. ಅಡ್ಡ ಬಂದಳು ಎಂದರೆ ತಪ್ಪಾದೀತು, ಬಂದು ನನ್ನ ಮುಂದೆ ನಿಂತಳು. ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದು ಪೆಡಲನ್ನು ಎಡವಿ, ಕೂತು, ನೀರು ಕುಡಿದು, ಸಮಾಧಾನದಿಂದಲೇ ಹೇಳಿದಳು:

“ಅಣ್ಣಾರ, ಅಪ್ಪ ಮಗಳು ಇಬ್ರೂ ಗಾಡಿ ಹುಚ್ಚರು. ಅವರ ಮಾತು ನಾ ನಂಬಂಗಿಲ್ಲ. ನೀವು ಕಲಿಸೀರಿ, ಪಕ್ಕದಾಗ ಕುಂತೀರಿ. ಆಕಿ ಹೊತ್ತಿಗೆ ಸರಿಯಾಗಿ ನಿಲ್ಲಿಸ್ತಾಳ ಅಂತ ನೀವು ಹೇಳಿದ್ರ ನಾನು ಹೂಂ ಅಂತೀನಿ. ಇಲ್ಲಂದ್ರ ಇಲ್ಲ.”

ಹೇಳುತ್ತೇನೆ ತಂಗಿ, ಭಾನುವಾರ ಅಲ್ಲಿಗೇ ಬಂದು ಹೇಳುತ್ತೇನೆ ಎಂದೆ. ಅದು ಹೇಡಿಯ ಉತ್ತರ ಎಂದು ನನಗೂ ಗೊತ್ತಿತ್ತು. ಹೂಂ ಎಂದರೆ ಒಂಬತ್ತು ವರ್ಷದ ಸುಳ್ಳಿನ ಮೇಲೆ ಇನ್ನೊಂದು ಸುಳ್ಳು, ಅದೂ ಈ ಸಲ ಪಣಕ್ಕಿರುವುದು ಆಡಿನ ಜೀವವಲ್ಲ, ಮನುಷ್ಯರ ಜೀವ. ಇಲ್ಲ ಎಂದರೆ ಹುಡುಗಿಯ ಆರು ತಿಂಗಳು, ಬಹುಶಃ ಮುಂದಿನದೂ, ಮಣ್ಣು. ಆ ವಾರ ಮಧ್ಯಾಹ್ನದ ನಿದ್ದೆಯೂ ಬರಲಿಲ್ಲ. ಕಣ್ಣು ಮುಚ್ಚಿದರೆ ಆಡು ಹಾರುತ್ತಿತ್ತು. ನನ್ನ ಹೆಂಡತಿ ಒಂದು ಚಾದರದ ತುದಿಯನ್ನು ಎರಡು ಸಲ ಹೊಲಿದಳು.

ಭಾನುವಾರ ಬೆಳಗ್ಗೆ ಏಳಕ್ಕೆ ಲೇಔಟಿನಲ್ಲಿ ನಾವು ಐದೇ ಮಂದಿ. ಇನ್ನೂ ಬಿಸಿಲೇರಿರಲಿಲ್ಲ. ರೇಸಿಗೆ ಮಾಡಿದ ಗಾಡಿಯನ್ನು ಊರ ರಸ್ತೆಯಲ್ಲಿ ಓಡಿಸುವಂತಿಲ್ಲವೆಂದು ಹಳದಿ ಕಾರನ್ನು ಓಮ್ನಿಯ ಹಿಂದೆ ಕಟ್ಟಿ ಎಳೆದು ತಂದಿದ್ದರು. ಕೊಟ್ರೇಶ ಕೆಂಪು ಕಾರಿನ ನಾಲ್ಕು ಗಾಲಿಗಳ ಕೆಳಗೂ ನಿಂಬೆಹಣ್ಣು ಇಟ್ಟು ಊದುಬತ್ತಿ ಬೆಳಗುತ್ತಿದ್ದ. ಖೈರುನ್ನಿಸಾ ನಲವತ್ತೆರಡನೇ ನಂಬರಿನ ಕಲ್ಲಿನ ಮೇಲೆ ಚಹಾದ ಫ್ಲಾಸ್ಕ್ ಇಟ್ಟುಕೊಂಡು ಕೂತಿದ್ದಳು. ಮಾಬು ಹಳದಿ ಕಾರಿನ ಕೆಳಗೆ ಮಲಗಿ ಏನೋ ಬಿಗಿಯುತ್ತಿದ್ದ, ಅವನ ಕಾಲು ಮಾತ್ರ ಕಾಣುತ್ತಿತ್ತು. ನಸೀಮಾ ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು.

ಮೊದಲು ಕೊಟ್ರೇಶ ಓಡಿಸಿದ. ಅವನು ತನ್ನ ಫೋನನ್ನು ಜೊತೆಗೇ ಇಟ್ಟುಕೊಂಡ, ಮಾಬು ತನ್ನದನ್ನು ಹಿಡಿದು ಕಾರಿನ ಕೆಳಗಿನಿಂದಲೇ ಸಮಯ ನೋಡಿದ. ಹೇಳಬೇಕಾದ್ದು ಹೇಳಬೇಕು, ಆ ಕಾರು ಎದ್ದು ಹೋಗುವುದನ್ನು ನೋಡಿದರೆ ನನ್ನಂಥ ಮುದುಕನ ಎದೆಯೂ ಒಂದು ಸಲ ಹೂಂ ಎನ್ನುತ್ತದೆ. ನೇರ ದಾರಿಯಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಸುತ್ತಿಗೆ ನಾಲ್ಕು ತಿರುವು. ತಿರುವು ಬಂದಾಗಲೆಲ್ಲ ಆ ಭಾರವನ್ನೆಲ್ಲ ತಡೆಯಬೇಕು, ಮತ್ತೆ ಓಡಿಸಬೇಕು, ಮತ್ತೆ ತಡೆಯಬೇಕು. ಸೋಫಾದಂಥ ಸೀಟುಗಳು, ಏಸಿ, ಹಾಡಿನ ಪೆಟ್ಟಿಗೆ ಎಲ್ಲವೂ ಅದರ ಜೊತೆ ಸುತ್ತುತ್ತಿದ್ದವು. ಟ್ಯಾಂಕಿನ ತಿರುವಿನಲ್ಲಿ ಅವನು ಮೊದಲ ಸುತ್ತಿಗೆ ಅರವತ್ತನೇ ನಂಬರಿನ ಕಲ್ಲಿನ ಹತ್ತಿರ ಬ್ರೇಕ್ ಹಾಕಿದ. ನಾಲ್ಕನೆಯದಕ್ಕೆ ಐವತ್ತೈದರಲ್ಲೇ, ಇನ್ನೂ ಐದು ಸೈಟು ಮುಂಚೆ. ಗಾಲಿಯಿಂದ ಸುಟ್ಟ ವಾಸನೆ ಬಂತು. ಇಳಿದವನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಕಾಲು ಹಾಕಿದರೆ ಪೆಡಲು ಮೆತ್ತಗಾಗುತ್ತಿದೆ ಎಂದ. ಅದು ಕಾರಿನ ತಪ್ಪಲ್ಲ ಎಂದು ಮಾಬು ಕಾರಿನ ಕೆಳಗಿನಿಂದಲೇ ಸಮಾಧಾನ ಮಾಡಿದ. ಬೀದಿಯ ಕಾರಿಗೆ ದಿನಕ್ಕೊಂದು ಸಲ ಜೋರಾಗಿ ನಿಂತು ಗೊತ್ತು, ನಿಮಿಷಕ್ಕೆ ನಾಲ್ಕು ಸಲವಲ್ಲ ಎಂದವನು ಮುಂದುವರಿಸಿದ:

“ಅದನ್ನ ಹೋಗಾಕ ಮಾಡ್ಯಾರ. ಇದನ್ನ ನಾನು ನಿಲ್ಲಾಕ ಮಾಡೀನಿ. ರೇಸ್ ಗಾಡಿ ಅಂದ್ರ ಅಷ್ಟ ನೋಡು.”

ಈ ಮಾತು ಕೇಳಿ ನನಗೆ ಇನ್ನಷ್ಟು ಸುಸ್ತಾಯಿತು. ಇಷ್ಟು ದಿನ ರೇಸ್ ಕಾರೆಂದರೆ ಓಟವೆಂದುಕೊಂಡಿದ್ದೆ. ಇಲ್ಲಿ ನೋಡಿದರೆ ಎಲ್ಲವೂ ಬ್ರೇಕಿನ ಮೇಲೆ ನಿಂತಿದೆ. ಯಾರು ತಡವಾಗಿ, ಆದರೂ ತಪ್ಪದೆ ಕಾಲು ಹಾಕುತ್ತಾರೋ ಅವರೇ ಮುಂದೆ. ಅಂದರೆ ಪ್ರಶ್ನೆ ಸುತ್ತಿ ಬಂದು ನನ್ನ ಕಾಲ ಬಳಿಯೇ ನಿಂತಿತು. ಖೈರುನ್ನಿಸಾ ಎದ್ದು ಬಂದು ಚಹಾದ ಲೋಟ ಕೊಟ್ಟಳು. ಹೇಳ್ರಿ ಅಣ್ಣಾರ ಎಂದಳು.

ನಾನು ಹೇಳಿಬಿಟ್ಟೆ. ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ, ಎಲ್ಲರಿಗೂ ಕೇಳುವ ಹಾಗೆ, ಪರೀಕ್ಷೆಯ ದಿನ ಗಾಡಿ ನಿಲ್ಲಿಸಿದ್ದು ನಸೀಮಾ ಅಲ್ಲ, ನಾನು ಎಂದೆ. ಕಾಲು ಕೊಡುವ ರೂಢಿಯನ್ನೂ ಹೇಳಿದೆ. ಕೊಟ್ರೇಶ ತನ್ನ ಊದುಬತ್ತಿಯ ಕಡೆ ತಿರುಗಿ ನಿಂತ, ಅವನ ಪರೀಕ್ಷೆಯೂ ಅವನಿಗೆ ನೆನಪಾಗಿರಬೇಕು. ಹುಡುಗಿ ಹೊತ್ತಿಗೆ ನಿಲ್ಲಿಸುತ್ತಾಳೋ ಇಲ್ಲವೋ ನಿಜಕ್ಕೂ ನನಗೆ ಗೊತ್ತಿಲ್ಲ ತಂಗಿ, ಸುಳ್ಳು ಹೇಳಲಾರೆ ಎಂದೆ. ನಸೀಮಾಳ ಮುಖ ಇಳಿದುಹೋಯಿತು. ಅವಳು ಹೆಲ್ಮೆಟ್ಟನ್ನು ಬಾನೆಟ್ಟಿನ ಮೇಲಿಟ್ಟಳು. ಒಂಬತ್ತು ವರ್ಷ ತನ್ನದೆಂದುಕೊಂಡ ಒಂದು ಹೊಗಳಿಕೆಯನ್ನು ನಾನು ಎಲ್ಲರೆದುರು ಕಿತ್ತುಕೊಂಡಿದ್ದೆ. ನಿಜ ಹೇಳಿದರೆ ಹಗುರಾಗುತ್ತದೆ ಎನ್ನುತ್ತಾರೆ, ನನಗೆ ಹಾಗೇನೂ ಆಗಲಿಲ್ಲ.

ಕಾರಿನ ಕೆಳಗಿದ್ದ ಕಾಲುಗಳು ಅಲುಗಾಡಿದವು. ಮಾಬು ಬೆನ್ನಮೇಲೆಯೇ ಜಾರಿ ಹೊರಗೆ ಬಂದು, ಎದ್ದು ಕೂತು, ಕೈ ಒರೆಸಿಕೊಂಡ. ಎಲ್ಲರೂ ಅವನು ಬೈಯುತ್ತಾನೆ ಎಂದುಕೊಂಡೆವು.

“ಅವತ್ತು ನಿನ್ನ ಪೆಡಲಿಗೆ ಪಿನ್ನ ಇರ್ಲಿಲ್ಲಲೇ ಈರಣ್ಣ” ಎಂದ ನನ್ನ ಕಡೆ ನೋಡಿ.

ನನಗೆ ಅರ್ಥವಾಗಲಿಲ್ಲ. ಅವನು ನಿಧಾನವಾಗಿ ಬಿಡಿಸಿ ಹೇಳಿದ. ನಾನು ಕಾಲು ಕೊಡುವುದು ಗೋಡೆಯಾಚೆಯ ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ತನ್ನ ಮಗಳ ಲೈಸೆನ್ಸಿಗೆ ಬೇರೆಯವರ ಕಾಲು ಬೇಡ ಎಂದುಕೊಂಡಿದ್ದ. ನನಗೆ ಹೇಳಿದರೆ ನಾನು ಕೇಳುವವನಲ್ಲ, ಕಾಲು ತಾನೇ ಒತ್ತುತ್ತದೆ. ಅದಕ್ಕೇ ಪರೀಕ್ಷೆಯ ದಿನ ಬೆಳಗ್ಗೆ ಬ್ರೇಕ್ ಆಯಿಲ್ ನೋಡುವ ನೆಪದಲ್ಲಿ ಎರಡೂ ಪೆಡಲುಗಳನ್ನು ಜೋಡಿಸುವ ಸರಳಿನ ಪಿನ್ನು ತೆಗೆದು ಜೇಬಿಗೆ ಹಾಕಿಕೊಂಡ. ಸಂಜೆ ನಾನು ಶಾವಿಗೆ ತಿನ್ನುತ್ತಿದ್ದಾಗ ವಾಪಸ್ ಹಾಕಿಬಂದ. ಇಷ್ಟು ವರ್ಷ ನಾನು ಆ ವಿಷಯ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಆ ದಿನ ನನ್ನ ಪೆಡಲು ಬೆಣ್ಣೆಯಂತೆ ಇಳಿದದ್ದು ಕೊಟ್ಟೂರಯ್ಯನ ದಯೆಯಿಂದಲ್ಲ, ಅದರ ಆ ತುದಿಗೆ ಏನೂ ಇರಲಿಲ್ಲ. ಆಡನ್ನು ಉಳಿಸಿದ ಕಾಲು ನಸೀಮಾಳದೇ.

ಖೈರುನ್ನಿಸಾಳಿಗೆ ಸಿಟ್ಟು ಬಂದದ್ದು ಗಂಡನ ಮೇಲೆ. ಮಗಳು ಹೊತ್ತಿಗೆ ನಿಲ್ಲಿಸದೆ ಹೋಗಿದ್ದರೆ, ಪಕ್ಕದಲ್ಲಿ ಅಣ್ಣಾರ ಕಾಲೂ ಕೆಲಸಕ್ಕೆ ಬಾರದಿರುವಾಗ ಏನಾಗುತ್ತಿತ್ತು ಎಂದು ಕೇಳಿದಳು. ಆಡು ಸಾಯುತ್ತಿತ್ತು, ಮಗಳು ನಪಾಸಾಗುತ್ತಿದ್ದಳು, ಮತ್ತೆ ಕಲಿಯುತ್ತಿದ್ದಳು ಎಂದ ಮಾಬು. ಆ ನಿಧಾನದ ಗಾಡಿಯಲ್ಲಿ ಅದಕ್ಕಿಂತ ಹೆಚ್ಚೇನೂ ಆಗುತ್ತಿರಲಿಲ್ಲ, ನಾನು ಬೇಲಿಯ ಹತ್ತಿರವೇ ನಿಂತಿದ್ದೆ ಎಂದ. ಅವಳು ಚಹಾದ ಫ್ಲಾಸ್ಕಿನ ಮುಚ್ಚಳ ಬಿಗಿದಳು. ಆಮೇಲೆ ಬಾನೆಟ್ಟಿನ ಮೇಲಿದ್ದ ಹೆಲ್ಮೆಟ್ಟನ್ನು ತೆಗೆದು, ಸೆರಗಿನಿಂದ ಒರೆಸಿ, ಮಗಳ ಕೈಗೆ ಕೊಟ್ಟಳು.

“ಹೋಗು. ನೋಡ್ಕೊಂಡು ಹೋಗು” ಎಂದಳು.

ಹಳದಿ ಕಾರು ಓಡಿದ್ದನ್ನು ನಾನು ಟ್ಯಾಂಕಿನ ತಿರುವಿನಲ್ಲಿ ನಿಂತು ನೋಡಿದೆ. ಸದ್ದು ಜೋರಿತ್ತು, ವೇಗ ಕೆಂಪು ಕಾರಿನಷ್ಟೇನೂ ಇರಲಿಲ್ಲ. ನೇರ ದಾರಿಯಲ್ಲಿ ನಮ್ಮ ಪಾಪದ ಗಾಡಿ ಏದುಸಿರು ಬಿಡುತ್ತ ಬರುತ್ತಿತ್ತು. ಅರವತ್ತನೇ ಕಲ್ಲು ಬಂತು, ಅವಳು ಬ್ರೇಕ್ ಹಾಕಲಿಲ್ಲ. ಅರವತ್ತೆರಡು, ಅರವತ್ತನಾಲ್ಕು. ನನ್ನ ಕಾಲು ಮಣ್ಣನ್ನು ಒತ್ತಿ ಒತ್ತಿ ಚಪ್ಪಲಿ ಒಳಗೆ ಹೂತುಹೋಗುತ್ತಿತ್ತು. ಅರವತ್ತಾರರ ಹತ್ತಿರ ಕಾರಿನ ಮೂಗು ಕೆಳಗಾಯಿತು, ಬಾನೆಟ್ಟಿನ ಮೇಲಿನ ‘ಎಲ್’ ಒಂದು ಸಲ ನನ್ನ ಕಡೆ ಬಾಗಿ ತಿರುಗಿತು, ಕಾರು ತಿರುವನ್ನು ದಾಟಿ ಹೋಯಿತು. ಐದೂ ಸುತ್ತು ಅದೇ ಕಲ್ಲಿಗೆ, ಒಂದು ಮಾರು ಆಚೆಯಿಲ್ಲ, ಈಚೆಯಿಲ್ಲ. ಯಾರಿಗೂ ನಾನು ಅಷ್ಟು ಚೆನ್ನಾಗಿ ಕಲಿಸಿಲ್ಲ ಎಂದು ನನಗೆ ಗೊತ್ತಿದೆ. ಅದು ಅವಳೇ ಕಲಿತದ್ದು.

ಗೆದ್ದವರು ಯಾರೆಂದು ಕೇಳಿದರೆ ಇವತ್ತಿಗೂ ಜಗಳ. ಮಾಬುವಿನ ಫೋನಿನಲ್ಲಿ ಹಳದಿ ಕಾರು ಮೂರು ಸೆಕೆಂಡು ಮುಂದೆ, ಕೊಟ್ರೇಶನ ಫೋನಿನಲ್ಲಿ ಒಂದೇ ಸೆಕೆಂಡು. ಒಂದು ಸೆಕೆಂಡು ಎಂದರೆ ಸಮಸಮವೇ ಎಂದು ಕೊಟ್ರೇಶ. ರಸ್ತೆ ಇನ್ನೂ ಉದ್ದವಿದ್ದಿದ್ದರೆ ತಾನೇ ಗೆಲ್ಲುತ್ತಿದ್ದೆ ಎಂದೂ ಸೇರಿಸಿದ, ಅದೂ ಸುಳ್ಳಲ್ಲ. ಲೇಔಟಿನ ಕಮಾನಿನ ಕೆಳಗಿನ ಹಂಪನ್ನು ದಾಟಿಸಲು ನಾವೆಲ್ಲ ಸೇರಿ ಅವನ ಕಾರನ್ನು ತಳ್ಳಿದೆವು. ಅವನು ಏಸಿ ಹಾಕಿಕೊಂಡು, ಹಾಡು ಹಚ್ಚಿಕೊಂಡು ಆರಾಮಾಗಿ ಊರಿಗೆ ಹೋದ. ಹಳದಿ ಕಾರನ್ನು ಹಗ್ಗ ಕಟ್ಟಿಯೇ ಎಳೆದುಕೊಂಡು ಹೋಗಬೇಕು. ನನ್ನನ್ನು ಕೇಳಿದರೆ ಎರಡಕ್ಕೂ ಇರುವ ವ್ಯತ್ಯಾಸ ಇಷ್ಟೇ. ಒಂದಕ್ಕೆ ಮನೆಗೆ ಹೋಗುವುದು ಗೊತ್ತಿದೆ, ಇನ್ನೊಂದಕ್ಕೆ ಗೊತ್ತಿಲ್ಲ.

ಹಗ್ಗದ ಆ ತುದಿಯಲ್ಲಿ ಹಳದಿ ಕಾರಿನ ಸ್ಟೀರಿಂಗ್ ಹಿಡಿದು ಮಾಬು ಕೂತ. ಓಮ್ನಿಯನ್ನು ನಸೀಮಾ ಓಡಿಸಿದಳು, ಖೈರುನ್ನಿಸಾ ಹಿಂದೆ, ನಾನು ಎಡಸೀಟಿನಲ್ಲಿ. ಹೊರಡುವ ಮುಂಚೆ ಮಾಬುವನ್ನು ಒಂದು ಮಾತು ಕೇಳಿದ್ದೆ, ಬೇರೆ ಯಾರಿಗಾದರೂ ಹಾಗೆ ಪಿನ್ನು ತೆಗೆದಿದ್ದೆಯಾ ಎಂದು. ಇಲ್ಲ, ನನ್ನ ಮಗಳಿಗೆ ಮಾತ್ರ, ಉಳಿದವರೆಲ್ಲ ನಿನ್ನ ಪಾಲು ಎಂದಿದ್ದ. ಹಾಗಾಗಿ ನಾನು ಪೂರ್ತಿ ಬಿಡುಗಡೆಯಾದವನಲ್ಲ. ನಿಮಗೆ ಮೊದಲು ಹೇಳಿದ ಎಚ್ಚರಿಕೆ ಹಾಗೇ ಇರಲಿ.

ಕೊಟ್ಟೂರಿನ ರೈಲ್ವೆ ಗೇಟು ಮುಚ್ಚುತ್ತಿತ್ತು. ಹಿಂದೆ ಹಗ್ಗದಲ್ಲಿ ಒಂದು ಕಾರು, ಮುಂದೆ ಕೆಳಗಿಳಿಯುತ್ತಿರುವ ಕಂಬ. ನನ್ನ ಬಲಗಾಲು ಎದ್ದು ಓಮ್ನಿಯ ಬರಿನೆಲವನ್ನು ಒತ್ತಿತು. ನಸೀಮಾ ಹಗ್ಗ ಜಗ್ಗದಂತೆ ಮೆಲ್ಲಗೆ ನಿಲ್ಲಿಸಿದಳು. ನನ್ನ ಕಡೆ ನೋಡಲಿಲ್ಲ, ಗೇಟಿನ ಕಡೆಯೇ ನೋಡುತ್ತ ಹೇಳಿದಳು:

“ಸರ, ಕಾಲು ಸುಮ್ನ ಇಡ್ರಿ. ಭಾಳ ದಣದಾವ ಅವು.”

ಇಪ್ಪತ್ತಾರು ವರ್ಷದಲ್ಲಿ ನನ್ನ ಕಾಲಿನ ಬಗ್ಗೆ ಯಾರೂ ಅಷ್ಟು ಸರಿಯಾದ ಮಾತು ಆಡಿರಲಿಲ್ಲ. ಚಪ್ಪಲಿ ಬಿಟ್ಟು ಎರಡೂ ಕಾಲನ್ನು ಸೀಟಿನ ಮೇಲೆ ಮಡಿಚಿಕೊಂಡೆ. ರೈಲು ಹೋಯಿತು, ಗೇಟು ತೆರೆಯಿತು. ಅದರ ಮುಂದಿನದು ನನಗೆ ನೆನಪಿಲ್ಲ. ಓಡುವ ಗಾಡಿಯ ಎಡಸೀಟಿನಲ್ಲಿ ನಾನು ನಿದ್ದೆ ಮಾಡಿದ್ದು ಅದೇ ಮೊದಲು. ಕಣ್ಣು ಬಿಟ್ಟಾಗ ನಮ್ಮ ಮನೆಯ ಬಾಗಿಲು ಎದುರಿಗಿತ್ತು, ಪೆಡಲು ಅದಕ್ಕೆ ಅಡ್ಡ ಇತ್ತು, ಓಮ್ನಿ ನಿಂತಿತ್ತು. ಯಾವಾಗ ಬ್ರೇಕ್ ಹಾಕಿದಳೋ ನನಗೆ ಗೊತ್ತೇ ಆಗಲಿಲ್ಲ.